ಕ್ಲಚ್ ಜಾರಿದಾಗ: ವರ್ತಕನ ವಾಹನ ಮತ್ತು ಮೆಕ್ಯಾನಿಕನ ಮಾತು

ಮಳೆಗಾಲದ ಒಂದು ಸಂಜೆ. ಅಳದಂಗಡಿಯ ಅಡಿಕೆ ವರ್ತಕನೊಬ್ಬನ ಸರಕು ವಾಹನವು ಗೋಣಿಚೀಲಗಳನ್ನು ಹೇರಿಕೊಂಡು ಗುರುವಾಯನಕೆರೆಯ ದಾರಿ ಹಿಡಿದಿದೆ ಎಂದು ಭಾವಿಸೋಣ. ಮದ್ದಡ್ಕ, ಮಡಂತ್ಯಾರು, ಪುಂಜಾಲಕಟ್ಟೆ, ಬಿ.ಸಿ.ರೋಡ್ ದಾಟಿ ಮರುದಿನ ಬೆಳಿಗ್ಗೆ ಸರಕು ಮಂಗಳೂರು ಮುಟ್ಟಬೇಕು. ಮೊದಲ ಏರಿನಲ್ಲಿಯೇ ಎಂಜಿನ್ ಅಬ್ಬರಿಸುತ್ತದೆ, ವಾಹನ ಮಾತ್ರ ಮುಂದೆ ಸಾಗುವುದಿಲ್ಲ. ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಚಾಲಕ ವಾಹನವನ್ನು ಬದಿಗೆ ನಿಲ್ಲಿಸಿ ಧಣಿಗೆ ದೂರವಾಣಿ ಕರೆ ಮಾಡುತ್ತಾನೆ. ಹತ್ತು ದಿನಗಳ ಹಿಂದೆಯೇ ಆತ ಈ ವಾಸನೆಯ ವಿಷಯ ತಿಳಿಸಿದ್ದ. "ಈ ಎರಡು ಲೋಡ್ ಹೋಗಲಿ, ಆಮೇಲೆ ನೋಡುವ" ಎಂಬುದು ಆಗ ದೊರೆತ ಉತ್ತರವಾಗಿತ್ತು.

ಇದು ಕಲ್ಪಿತ ಉದಾಹರಣೆಯಾದರೂ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಭಾಗದಲ್ಲಿ ಸರಕು ವಾಹನ ಇಟ್ಟುಕೊಂಡಿರುವ ವರ್ತಕ ಬಾಂಧವರಿಗೆ ಅಪರಿಚಿತವಾದ ಸನ್ನಿವೇಶವೇನೂ ಅಲ್ಲ. ಇಲ್ಲಿನ ರಸ್ತೆಗಳು ಏರಿಳಿತದವು. ತೋಟದೊಳಗಿನ ಮಣ್ಣಿನ ದಾರಿಗಳಂತೂ ಇನ್ನೂ ಕಡಿದು. ಅಂಗಳದಿಂದ ಅಡಿಕೆ ಹೇರಿಕೊಂಡು ಕೆಸರಿನ ಏರಿನಲ್ಲಿ ಮೇಲೇರುವ ಹೊತ್ತಿಗೆ ಅರ್ಧ ಕ್ಲಚ್ಚಿನಲ್ಲಿ ವಾಹನವನ್ನು ತಡೆಹಿಡಿಯದೆ ಗತ್ಯಂತರವಿಲ್ಲ. ಬಯಲುಸೀಮೆಯ ಹೆದ್ದಾರಿಯಲ್ಲಿ ವರ್ಷಗಟ್ಟಲೆ ಬಾಳುವ ಕ್ಲಚ್ ಇಲ್ಲಿ ಅದಕ್ಕಿಂತ ಬೇಗ ಸವೆಯುವುದಕ್ಕೆ ಇದೇ ಕಾರಣ.

ಪ್ರಶ್ನೆ ಇರುವುದು ಕ್ಲಚ್ ಸವೆಯಿತೆಂಬುದರಲ್ಲಿ ಅಲ್ಲ. ಸವೆದಿದೆ ಎಂದು ಹೇಳುವವನ ಮಾತನ್ನು ನಂಬುವುದು ಹೇಗೆ ಎಂಬುದರಲ್ಲಿ.

ಕಣ್ಣಿಗೆ ಕಾಣದ ಭಾಗ

ಎಂಜಿನ್ನಿನ ಹಿಂಬದಿಯಲ್ಲಿ ತಿರುಗುವ ಭಾರವಾದ ಚಕ್ರವೇ ಫ್ಲೈವೀಲ್. ಅದಕ್ಕೂ ಪ್ರೆಶರ್ ಪ್ಲೇಟಿಗೂ ನಡುವೆ ಘರ್ಷಣ ಪದರ ಹೊಂದಿದ ಕ್ಲಚ್ ಪ್ಲೇಟ್ ಒತ್ತಿ ಕುಳಿತಿರುತ್ತದೆ. ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಮುಂದಕ್ಕೆ ಸರಿದು ಸ್ಪ್ರಿಂಗಿನ ಒತ್ತಡವನ್ನು ಸಡಿಲಿಸುತ್ತದೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಸಂಬಂಧ ತಪ್ಪುತ್ತದೆ. ಪೆಡಲ್ ಬಿಟ್ಟಾಗ ಮತ್ತೆ ಹಿಡಿತ ಬರುತ್ತದೆ. ಪದರ ಸವೆದರೆ ಅಥವಾ ಅದಕ್ಕೆ ಎಣ್ಣೆ ತಗುಲಿದರೆ ಹಿಡಿತ ಜಾರುತ್ತದೆ. ವ್ಯವಸ್ಥೆ ಇಷ್ಟೇ. ಆದರೆ ಇವೆಲ್ಲವೂ ಗೇರ್‌ಬಾಕ್ಸನ್ನು ಕೆಳಗಿಳಿಸಿದ ಹೊರತು ಕಾಣಸಿಗದ ಗೂಡಿನೊಳಗೆ ಅಡಗಿವೆ. ಟಯರ್ ಸವೆದದ್ದನ್ನು ಮಾಲೀಕ ತಾನೇ ನೋಡಬಲ್ಲ. ಬ್ಯಾಟರಿಯನ್ನು ಅಂಗಡಿಯಲ್ಲಿ ಪರೀಕ್ಷಿಸಬಲ್ಲ. ಕ್ಲಚ್ಚಿನ ವಿಷಯದಲ್ಲಿ ಮೆಕ್ಯಾನಿಕನ ಮಾತೇ ಮೊದಲ ಸಾಕ್ಷಿ, ಬಹಳಷ್ಟು ಸಲ ಅದೇ ಕೊನೆಯ ಸಾಕ್ಷಿ.

ಅರ್ಥಶಾಸ್ತ್ರದಲ್ಲಿ ಇಂತಹ ಸೇವೆಗೆ ಪ್ರತ್ಯೇಕ ಸ್ಥಾನವಿದೆ. 1973ರಲ್ಲಿ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಎಂಬ ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಪ್ರಬಂಧವು, ಕೊಂಡ ಮೇಲೂ ಗುಣವನ್ನು ಸುಲಭವಾಗಿ ಅಳೆಯಲಾಗದ ಸರಕು ಹಾಗೂ ಸೇವೆಗಳನ್ನು ಕುರಿತದ್ದು. ಇವುಗಳನ್ನು ವಿಶ್ವಾಸದ ಸರಕುಗಳೆನ್ನಬಹುದು. ಇವುಗಳಲ್ಲಿ ರೋಗ ಪತ್ತೆ ಮಾಡುವವನೂ ಮದ್ದು ಮಾರುವವನೂ ಒಬ್ಬನೇ ಆಗಿರುವುದು ಮುಖ್ಯ ತೊಡಕು. ವಾಹನ ದುರಸ್ತಿ ಇದಕ್ಕೆ ಕೊಡುವ ಸಾಮಾನ್ಯ ನಿದರ್ಶನ.

ಇದು ಕೇವಲ ಪುಸ್ತಕದ ಮಾತಲ್ಲವೆಂಬುದಕ್ಕೆ ಹಳೆಯ ಪುರಾವೆಯೊಂದಿದೆ. ಅಮೆರಿಕದ ರೀಡರ್ಸ್ ಡೈಜೆಸ್ಟ್ ಪತ್ರಿಕೆಯ ಪ್ರತಿನಿಧಿಗಳು ಎಂಜಿನ್ನಿನ ಕಾಯಿಲ್ ತಂತಿಯೊಂದನ್ನು ಬೇಕೆಂದೇ ಕಳಚಿ, ಕಾರನ್ನು 347 ಗ್ಯಾರೇಜುಗಳಿಗೆ ಒಯ್ದರು. ಫಲಿತಾಂಶ 1941ರಲ್ಲಿ ಪ್ರಕಟವಾಯಿತು. 129 ಕಡೆ ದೋಷವನ್ನು ಕೂಡಲೇ ಕಂಡು ಸರಿಪಡಿಸಿದರು. ಉಳಿದ 218 ಕಡೆ ಬೇಡದ ಕೆಲಸ, ಬೇಡದ ಬಿಡಿಭಾಗ, ಹೆಚ್ಚಿನ ಬಿಲ್ಲು. ಈ ಅಂಕಿಗಳನ್ನು ಓದುವಾಗ ಎಲ್ಲರ ಕಣ್ಣು 218ರ ಮೇಲೆ ನಿಲ್ಲುತ್ತದೆ. ವರ್ತಕನಿಗೆ ಬೇಕಾದದ್ದು ಆ 129 ಮಂದಿಯನ್ನು ಗುರುತಿಸುವ ಬಗೆ.

ಇಬ್ಬರು ಮೆಕ್ಯಾನಿಕರು

ಅಳದಂಗಡಿಯ ವಾಹನಕ್ಕೆ ಹಿಂತಿರುಗೋಣ. ಹತ್ತಿರದ ಗ್ಯಾರೇಜಿನಿಂದ ಬಂದವನು ಬಾನೆಟ್ ತೆರೆದು ನೋಡಿ, "ಕ್ಲಚ್ ಪೂರ್ತಿ ಹೋಗಿದೆ, ಫ್ಲೈವೀಲೂ ಹೋಗಿದೆ, ಎಲ್ಲ ಹೊಸದು ಹಾಕಬೇಕು" ಎಂದು ದೊಡ್ಡ ಮೊತ್ತವೊಂದನ್ನು ಹೇಳಿ, ಬಿಲ್ಲು ಬೇಡವೆಂದರೆ ಸ್ವಲ್ಪ ಕಡಿಮೆ ಮಾಡುವೆನೆಂದ. ಬಾನೆಟ್ ತೆರೆದರೆ ಫ್ಲೈವೀಲ್ ಕಾಣುವುದಿಲ್ಲ. ಕಾಣದ ವಸ್ತುವಿನ ಬಗೆಗೆ ಇಷ್ಟೊಂದು ಖಚಿತವಾಗಿ ಮಾತನಾಡುವವನು ಬಹಳ ಅನುಭವಿಯಾಗಿರಬೇಕು, ಇಲ್ಲವೇ ಬೇರೇನೋ ಆಗಿರಬೇಕು.

ವರ್ತಕನಿಗೆ ಪರಿಚಯವಿದ್ದ ಬಸ್ ಮಾಲೀಕರೊಬ್ಬರು ಇನ್ನೊಬ್ಬನನ್ನು ಕಳುಹಿಸಿದರು. ಆತ ಮೊದಲು ಚಾಲಕನನ್ನು ಪ್ರಶ್ನಿಸಿದ. ವಾಸನೆ ಯಾವಾಗಿನಿಂದ? ಪೆಡಲ್ ಭಾರವಾಗಿದೆಯೇ, ಹಗುರವಾಗಿದೆಯೇ? ಗೇರ್ ಹಾಕುವಾಗ ಕರಕರ ಶಬ್ದವಿದೆಯೇ? ಹೊರಡುವಾಗ ವಾಹನ ನಡುಗುತ್ತದೆಯೇ? ಬಳಿಕ ಸಮತಟ್ಟಾದ ಜಾಗದಲ್ಲಿ ಕೈಬ್ರೇಕ್ ಎಳೆದು, ಮೂರನೆಯ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಟ್ಟ. ಕ್ಲಚ್ ಗಟ್ಟಿಯಾಗಿದ್ದರೆ ಎಂಜಿನ್ ಅಲ್ಲಿಯೇ ನಿಲ್ಲಬೇಕು. ನಿಲ್ಲಲಿಲ್ಲ. ಕೈಯಿಂದ ಪೆಡಲ್ ಒತ್ತಿ ನೋಡಿದ. ಸಡಿಲ ಅಂತರವೇ ಉಳಿದಿರಲಿಲ್ಲ. ಅದು ಕೇಬಲ್ ಕ್ಲಚ್ ಆಗಿದ್ದುದರಿಂದ ಸ್ಕ್ರೂ ತಿರುಗಿಸಿ ಅಂತರ ಬಿಡಿಸಿ, "ಈಗ ಅರ್ಧ ಲೋಡ್ ಇಳಿಸಿ ನಿಧಾನವಾಗಿ ಮನೆಗೆ ಹೋಗಬಹುದು. ಮಂಗಳೂರಿಗೆ ಬೇಡ. ಪ್ಲೇಟ್ ಸವೆದದ್ದು ಹೌದು. ಫ್ಲೈವೀಲ್ ಹೇಗಿದೆ ಎಂದು ಬಿಚ್ಚಿದ ಮೇಲೆಯೇ ಹೇಳಬಲ್ಲೆ. ಬಿಚ್ಚಿದಾಗ ಫೋನ್ ಮಾಡುತ್ತೇನೆ, ಯಾರನ್ನಾದರೂ ಕಳುಹಿಸಿ" ಎಂದ.

ಈ ಎರಡನೆಯವನ ಮಾತಿನಲ್ಲಿ ಮೂರು ಭಾಗಗಳಿವೆ: ತನಗೆ ಗೊತ್ತಿರುವುದು, ಇನ್ನೂ ಗೊತ್ತಿಲ್ಲದ್ದು, ಗೊತ್ತಾದಾಗ ಏನು ಮಾಡುವೆನೆಂಬುದು. ಲೆಕ್ಕಪರಿಶೋಧಕನ ವರದಿಯನ್ನು ಬಲ್ಲವರಿಗೆ ಈ ರೀತಿ ಪರಿಚಿತ. ತಾನು ನೋಡದಿರುವುದನ್ನು ನೋಡಿಲ್ಲವೆಂದು ಹೇಳುವ ವರದಿಯೇ ನಂಬಿಕೆಗೆ ಅರ್ಹ. ಕಡಿಮೆ ದರ, ದೊಡ್ಡ ಫಲಕ, ನಯವಾದ ಮಾತು ಇವು ಯಾವುವೂ ಇದಕ್ಕೆ ಸಮನಾದ ಸೂಚನೆಗಳಲ್ಲ.

ಆತ ಕೇಳಿದ ಪ್ರಶ್ನೆಗಳನ್ನು ಮಾಲೀಕರೂ ತಿಳಿದಿರುವುದು ಒಳಿತು. ಏರಿನಲ್ಲಿ ಎಂಜಿನ್ ವೇಗ ಏರಿ ವಾಹನದ ವೇಗ ಏರದಿದ್ದರೆ ಅದು ಜಾರುವಿಕೆ. ಪೆಡಲ್ ಒಮ್ಮೆಲೇ ನೆಲಕ್ಕೆ ಕುಸಿದು ಗೇರ್ ಬೀಳದಿದ್ದರೆ ಅದು ಬೇರೆಯೇ ಕಾಯಿಲೆ: ಕೇಬಲ್ ತುಂಡಾಗಿರಬಹುದು, ದ್ರವದ ಒತ್ತಡದಿಂದ ನಡೆಯುವ ಕ್ಲಚ್ ಆಗಿದ್ದರೆ ಸಿಲಿಂಡರಿನಲ್ಲಿ ಸೋರಿಕೆಯಾಗಿರಬಹುದು. ಇವು ಗೇರ್‌ಬಾಕ್ಸ್ ಇಳಿಸದೆಯೇ ಸರಿಯಾಗುವ, ಅಲ್ಪ ವೆಚ್ಚದ ಕೆಲಸಗಳಾಗಿರುವುದೇ ಹೆಚ್ಚು. ಕೆಲವು ವಾಹನಗಳಲ್ಲಿ ಸಿಲಿಂಡರ್ ಒಳಗೇ ಇರುತ್ತದೆಂಬುದು ನಿಜವಾದರೂ, ಪೆಡಲ್ ಕುಸಿದ ದೂರಿಗೆ ಪರೀಕ್ಷೆಯಿಲ್ಲದೆ ಕ್ಲಚ್ ಸೆಟ್ಟಿನ ದರ ಹೇಳುವವರ ಬಗೆಗೆ ಎಚ್ಚರ ಬೇಕು. ಪೆಡಲ್ ತುಳಿದಾಗ ಮಾತ್ರ ಕೇಳಿಸುವ ಗೊರಗೊರ ಶಬ್ದ ರಿಲೀಸ್ ಬೇರಿಂಗಿನತ್ತ ಬೆರಳು ತೋರುತ್ತದೆ. ಚಾಲಕನ ಎಡಗಾಲು ಸದಾ ಪೆಡಲಿನ ಮೇಲೆಯೇ ಇದ್ದರೆ ಎಷ್ಟು ಸಲ ದುರಸ್ತಿ ಮಾಡಿಸಿದರೂ ಪ್ರಯೋಜನ ಕಡಿಮೆ. ಈ ಅಭ್ಯಾಸ ಚಾಲಕರಿಗಿಂತ ಮಾಲೀಕರ ಮಕ್ಕಳಲ್ಲಿ ಹೆಚ್ಚೆಂದು ಹೇಳುವವರೂ ಇದ್ದಾರೆ.

ಬಿಚ್ಚಿದ ಮೇಲೆ

ಮರುದಿನ ಫೋನ್ ಬಂತು. ವರ್ತಕ ಚಾಲಕನನ್ನು ಕಳುಹಿಸಿದ. ಪ್ಲೇಟಿನ ಪದರ ರಿವೆಟ್ಟಿನ ತಲೆಯವರೆಗೆ ಸವೆದಿತ್ತು. ಫ್ಲೈವೀಲಿನ ಮೇಲೆ ಶಾಖದ ನೀಲಿ ಕಲೆಗಳಿದ್ದರೂ ಬಿರುಕಿರಲಿಲ್ಲ, ಆಳವಾದ ಗೀರುಗಳಿರಲಿಲ್ಲ. ಉಜ್ಜಿ ಸಮಗೊಳಿಸಿದರೆ ಸಾಕಿತ್ತು. ಆದರೆ ಗೂಡಿನ ತಳದಲ್ಲಿ ಎಣ್ಣೆಯ ಪಸೆ ಕಂಡಿತು. ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಸೋರುತ್ತಿತ್ತು. ಇದನ್ನು ಹಾಗೆಯೇ ಬಿಟ್ಟು ಪ್ಲೇಟ್ ಮಾತ್ರ ಬದಲಾಯಿಸಿದ್ದರೆ ಹೊಸ ಪ್ಲೇಟಿಗೂ ಎಣ್ಣೆ ತಗುಲಿ ಅದೇ ಕಥೆ ಮತ್ತೆ ಆರಂಭವಾಗುತ್ತಿತ್ತು. ಮೊದಲನೆಯವನು ಫ್ಲೈವೀಲ್ ಬದಲಿಸಲು ಹೊರಟಿದ್ದ, ಸೀಲಿನ ಮಾತನ್ನೇ ಎತ್ತಿರಲಿಲ್ಲ.

ಇಲ್ಲಿ ವರ್ತಕನಿಗೆ ಸಹಜವಾದ ಒಂದು ಆಸೆ ಹುಟ್ಟುತ್ತದೆ: ಪ್ಲೇಟ್ ಒಂದನ್ನೇ ಹಾಕಿಸಿ ಹಣ ಉಳಿಸೋಣವೇ? ಲೆಕ್ಕದ ಅನುಕೂಲಕ್ಕೆ ಕೆಲವು ಅಂಕಿಗಳನ್ನು ತೆಗೆದುಕೊಳ್ಳೋಣ. ನಿಜ ದರ ವಾಹನಕ್ಕೆ ತಕ್ಕಂತೆ ಬೇರೆಯಾಗುತ್ತದೆ. ಪ್ಲೇಟ್ 2,500 ರೂ., ಸೀಲ್ 500 ರೂ., ಗೇರ್‌ಬಾಕ್ಸ್ ಇಳಿಸಿ ಏರಿಸುವ ಮಜೂರಿ 3,500 ರೂ., ಒಟ್ಟು 6,500 ರೂ. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಸೇರಿದ ಸೆಟ್ 7,500 ರೂ. ಆದರೆ ಸೀಲ್ ಮತ್ತು ಮಜೂರಿ ಕೂಡಿ 11,500 ರೂ. ವ್ಯತ್ಯಾಸ 5,000 ರೂ. ಆರು ತಿಂಗಳಲ್ಲಿ ಹಳೆಯ ಬೇರಿಂಗ್ ಕೈಕೊಟ್ಟರೆ ಬೇರಿಂಗಿಗೆ 1,000 ರೂ., ಮಜೂರಿ ಮತ್ತೆ 3,500 ರೂ., ಎರಡು ದಿನದ ಬಾಡಿಗೆ ವಾಹನಕ್ಕೆ ದಿನಕ್ಕೆ 3,000 ರೂ.ನಂತೆ 6,000 ರೂ., ಒಟ್ಟು 10,500 ರೂ. 5,000 ಉಳಿಸಲು ಹೋದವನು ಕೊನೆಗೆ 11,500ರ ಬದಲು 17,000 ರೂ. ತೆತ್ತಂತಾಯಿತು. ಮಜೂರಿಯೇ ದೊಡ್ಡದಾಗಿರುವ ಕೆಲಸದಲ್ಲಿ, ಒಮ್ಮೆ ಬಿಚ್ಚಿದಾಗ ಸವೆಯುವ ಭಾಗಗಳನ್ನೆಲ್ಲ ಬದಲಾಯಿಸುವುದು ಮೆಕ್ಯಾನಿಕನ ದುರಾಸೆಯೆಂದು ತಿಳಿಯಬೇಕಾಗಿಲ್ಲ. ಫ್ಲೈವೀಲಿನಂತಹ, ಸುಲಭವಾಗಿ ಸವೆಯದ ಭಾಗಕ್ಕೆ ಈ ವಾದ ಅನ್ವಯಿಸುವುದಿಲ್ಲ. ಅದನ್ನು ಕಣ್ಣಾರೆ ಕಂಡ ಮೇಲೆಯೇ ಒಪ್ಪಬೇಕು.

ಬಿಡಿಭಾಗವನ್ನು ಮಾಲೀಕನೇ ತಂದುಕೊಡುವ ಪದ್ಧತಿಯೂ ನಮ್ಮಲ್ಲಿದೆ. ಪೊಟ್ಟಣದ ಮೇಲೆ ತಯಾರಕರ ಹೆಸರು, ಗರಿಷ್ಠ ಮಾರಾಟ ಬೆಲೆ, ತಿಂಗಳು ಮತ್ತು ವರ್ಷ ನೋಡಿ ಬಿಲ್ಲಿನೊಂದಿಗೆ ಕೊಂಡರೆ ನಕಲಿ ಮಾಲಿನ ಅಪಾಯ ತಗ್ಗುತ್ತದೆ. ಆದರೆ ಇದರಲ್ಲೊಂದು ತೊಡಕೂ ಉಂಟು. ಕೆಲಸ ಕೆಟ್ಟಾಗ ಮೆಕ್ಯಾನಿಕ್ ಮಾಲನ್ನು ದೂರುತ್ತಾನೆ, ಅಂಗಡಿಯವನು ಮೆಕ್ಯಾನಿಕನನ್ನು ದೂರುತ್ತಾನೆ. ನಂಬಿಕಸ್ಥ ಮೆಕ್ಯಾನಿಕ್ ದೊರೆತ ಮೇಲೆ ಮಾಲು ಮತ್ತು ಮಜೂರಿ ಎರಡನ್ನೂ ಅವನ ಹೊಣೆಗೇ ಬಿಟ್ಟು, ಹಳೆಯ ಭಾಗಗಳನ್ನು ಕೇಳಿ ಪಡೆಯುವುದು ಮೇಲು.

ಬಿಲ್ಲಿಲ್ಲದ ಅಗ್ಗ

"ಬಿಲ್ಲು ಬೇಡವೆಂದರೆ ಕಡಿಮೆ" ಎಂಬ ಮಾತಿಗೆ ಬಹಳ ವರ್ತಕರು ಮರುಳಾಗುತ್ತಾರೆ. 11,500 ರೂ.ಗೆ ಶೇ. 18ರಂತೆ ಸರಕು ಮತ್ತು ಸೇವಾ ತೆರಿಗೆ 2,070 ರೂ. ಒಟ್ಟು 13,570 ರೂ. ದುರಸ್ತಿ ಸೇವೆಗೆ ಈ ದರ ಮೊದಲಿನಿಂದಲೂ ಇದೆ. ಹಿಂದೆ ಶೇ. 28ರ ದರದಲ್ಲಿದ್ದ ಬಿಡಿಭಾಗಗಳೂ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿವೆ. ವಾಹನ ಸರಕು ಸಾಗಣೆಯದಾಗಿದ್ದು, ವರ್ತಕ ಸಾಮಾನ್ಯ ಕ್ರಮದಲ್ಲಿ ನೋಂದಣಿಯಾಗಿ ತೆರಿಗೆಗೆ ಒಳಪಡುವ ಮಾಲನ್ನು ವ್ಯವಹರಿಸುತ್ತಿದ್ದರೆ ಈ 2,070 ರೂ. ಹೂಡುವಳಿ ತೆರಿಗೆ ಜಮೆಯಾಗಿ ಅವನಿಗೆ ಮರಳುತ್ತದೆ. ಅಂದರೆ ಬಿಲ್ಲು ಬಿಟ್ಟು ಆತ ಉಳಿಸಿದ್ದು ತನ್ನದಲ್ಲದ ವೆಚ್ಚವನ್ನು. ಕಳೆದುಕೊಂಡದ್ದು ಮಾತ್ರ ತನ್ನದೇ ಪುರಾವೆಯನ್ನು.

ಕುಟುಂಬದ ಅಥವಾ ಸಂಸ್ಥೆಯ ಕಾರಿಗೆ ಈ ಮಾತು ಸಲ್ಲದು. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳ ದುರಸ್ತಿಯ ಮೇಲಿನ ಜಮೆಯನ್ನು, ಕೆಲವು ನಿರ್ದಿಷ್ಟ ವ್ಯವಹಾರಗಳನ್ನುಳಿದು, ಕಾಯಿದೆಯ 17(5)ನೇ ಕಲಮು ತಡೆಹಿಡಿದಿದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೂ ಜಮೆಯಿಲ್ಲ. ಕಾರಿನ ಬಿಲ್ಲನ್ನು ಸರಕು ವಾಹನದ ಸಂಖ್ಯೆಗೆ ಬರೆಸಿಕೊಳ್ಳುವ ಜಾಣತನವನ್ನು ಇಲ್ಲಿ ಚರ್ಚಿಸುವ ಅಗತ್ಯವಿಲ್ಲ. ಅದು ಜಾಣತನವೂ ಅಲ್ಲ.

ಇನ್ನೊಂದು ಕಡೆ, ಹಳ್ಳಿಯ ಸಣ್ಣ ಗ್ಯಾರೇಜಿನ ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದಿದ್ದರೆ ಆತ ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಾಗಿಲ್ಲ, ತೆರಿಗೆ ವಿಧಿಸುವಂತೆಯೂ ಇಲ್ಲ. ತೆರಿಗೆ ಸಂಖ್ಯೆ ಇಲ್ಲವೆಂಬ ಒಂದೇ ಕಾರಣಕ್ಕೆ ಅವನನ್ನು ಸಂಶಯಿಸುವುದು ಅನ್ಯಾಯ. ದಿನಾಂಕ, ವಾಹನ ಸಂಖ್ಯೆ, ಓಡಿದ ಕಿಲೋಮೀಟರು, ಹಾಕಿದ ಭಾಗ, ಮಜೂರಿ ಇವಿಷ್ಟನ್ನು ಬರೆದು ಸಹಿ ಮಾಡಿದ ಸಾದಾ ಬಿಲ್ಲು ವೆಚ್ಚದ ದಾಖಲೆಗೆ ಸಾಕು. ಪಾವತಿಯಲ್ಲಿ ಮಾತ್ರ ಎಚ್ಚರ ಬೇಕು. ಒಂದೇ ದಿನ ಒಬ್ಬರಿಗೆ 10,000 ರೂ. ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಆ ವೆಚ್ಚವನ್ನು ಒಪ್ಪುವುದಿಲ್ಲ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಕೊಟ್ಟರೂ ಅಷ್ಟೆ. ಇಂತಹ ಬಿಲ್ಲನ್ನು ಬ್ಯಾಂಕಿನ ಮೂಲಕವೇ ಸಲ್ಲಿಸುವುದು ಕ್ಷೇಮ. ವಿಮೆಯಿಂದ ಏನನ್ನೂ ನಿರೀಕ್ಷಿಸುವಂತಿಲ್ಲ. ಸವೆತ ಮತ್ತು ಯಾಂತ್ರಿಕ ಕೆಡುಕು ಸಾಮಾನ್ಯ ವಾಹನ ವಿಮೆಯ ವ್ಯಾಪ್ತಿಗೆ ಹೊರಗು.

ಜಗಳಕ್ಕೆ ಬಂದಾಗ

ಮೊತ್ತದ ಬಗೆಗೆ ತಕರಾರಾದಾಗ ಮೆಕ್ಯಾನಿಕ್ ವಾಹನವನ್ನು ಹಿಡಿದಿಟ್ಟುಕೊಂಡರೆ ಬಹುತೇಕ ಮಾಲೀಕರು ಅದನ್ನು ದೌರ್ಜನ್ಯವೆಂದು ಭಾವಿಸುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 170ನೇ ಕಲಮಿನಂತೆ, ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ವ್ಯಯಿಸಿದವನು, ಬೇರೆ ಒಪ್ಪಂದವಿಲ್ಲದಿದ್ದರೆ, ತನ್ನ ನ್ಯಾಯವಾದ ಪ್ರತಿಫಲ ದೊರೆಯುವವರೆಗೆ ಅದನ್ನು ಇರಿಸಿಕೊಳ್ಳಬಹುದು. ಅದೇ ಕಾಯಿದೆಯ 151ನೇ ಕಲಮು, ಇರಿಸಿಕೊಂಡ ವಸ್ತುವನ್ನು ತನ್ನದೇ ಎಂಬಂತೆ ಜೋಪಾನ ಮಾಡುವ ಹೊಣೆಯನ್ನೂ ಅವನ ಮೇಲೆ ಹೊರಿಸಿದೆ. ತುರ್ತಾಗಿ ವಾಹನ ಬೇಕಿದ್ದರೆ ಆಕ್ಷೇಪವನ್ನು ಬರವಣಿಗೆಯಲ್ಲಿ ದಾಖಲಿಸಿ ಹಣ ಕೊಟ್ಟು ವಾಹನ ಬಿಡಿಸಿಕೊಳ್ಳುವುದು ವ್ಯಾವಹಾರಿಕ ದಾರಿ.

ಬಳಿಕ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತಟ್ಟಬಹುದೇ? ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. 5 ಲಕ್ಷ ರೂ.ವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಆದರೆ 2019ರ ಗ್ರಾಹಕ ರಕ್ಷಣಾ ಕಾಯಿದೆಯಲ್ಲಿ, ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವನು ಗ್ರಾಹಕನೆನಿಸುವುದಿಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವವನಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ. ತನ್ನದೇ ವಾಹನವನ್ನು ತಾನೇ ಓಡಿಸುವ ಸಣ್ಣ ವ್ಯಾಪಾರಿಗೆ ದಾರಿ ತೆರೆದಿರಬಹುದು. ಚಾಲಕರನ್ನಿಟ್ಟು ನಾಲ್ಕಾರು ವಾಹನ ನಡೆಸುವ ಸಂಸ್ಥೆಗೆ ಕಷ್ಟ. ವರ್ತಕನಿಗೆ ಮೆಕ್ಯಾನಿಕನ ಆಯ್ಕೆ ಕಾರು ಮಾಲೀಕನಿಗಿಂತ ಹೆಚ್ಚು ಮುಖ್ಯವಾಗುವುದು ಈ ಕಾರಣದಿಂದ: ತಪ್ಪಿದರೆ ಹಿಂದಿರುಗುವ ದಾರಿ ಅವನಿಗೆ ಕಿರಿದು.

ಹೊರಗಿನ ಗ್ಯಾರೇಜಿಗೆ ಹೋದರೆ ಕಂಪೆನಿಯ ವಾರಂಟಿ ಪೂರ್ತಿ ರದ್ದಾಗುತ್ತದೆಂಬ ಭಯವೂ ವ್ಯಾಪಕವಾಗಿದೆ. ಈ ವಿಷಯವು 2011ರಲ್ಲಿ ಗ್ರಾಹಕರೊಬ್ಬರ ದೂರಿನಿಂದ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಬಂತು. ಬಿಡಿಭಾಗ ಮತ್ತು ದೋಷಪತ್ತೆ ಉಪಕರಣಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪೆನಿಗಳಿಗೆ ಒಟ್ಟು 2,500 ಕೋಟಿ ರೂ.ಗೂ ಮೀರಿದ ದಂಡ ವಿಧಿಸಿತು. ಹೊರಗಿನ ದುರಸ್ತಿಯ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಪಡಿಸುವ ಷರತ್ತು ಕೂಡದು, ಹೊರಗಿನ ಕೆಲಸದಿಂದ ಹಾನಿಯಾದಷ್ಟರ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದೂ ನಿರ್ದೇಶಿಸಿತು. ಮೂರು ಕಂಪೆನಿಗಳ ಮೇಲ್ಮನವಿಯಲ್ಲಿ 2016ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ಆಯೋಗದ ನಿಲುವನ್ನು ಎತ್ತಿಹಿಡಿದು ದಂಡವನ್ನು ತಗ್ಗಿಸಿತು. 2022ರ ಡಿಸೆಂಬರ್ 24ರಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಆರಂಭಿಸಿದ ದುರಸ್ತಿ ಹಕ್ಕಿನ ಅಂತರ್ಜಾಲ ತಾಣದಲ್ಲಿ ವಾಹನಗಳಿಗೂ ಸ್ಥಾನ ಸಿಕ್ಕಿತು. ಆದರೂ ಕ್ಲಚ್ ಪ್ಲೇಟ್ ಸವೆಯುವ ಭಾಗವೆಂದು ಸಾಮಾನ್ಯವಾಗಿ ವಾರಂಟಿಯ ಹೊರಗೇ ಇರುತ್ತದೆಂಬುದನ್ನು ಮರೆಯುವಂತಿಲ್ಲ.

ನಂಬಿಕಸ್ಥನನ್ನು ಹುಡುಕುವ ಕೆಲಸ ವಾಹನ ನಿಂತ ಮೇಲೆ ಆಗುವಂಥದ್ದಲ್ಲ. ಮಳೆ, ಕತ್ತಲೆ, ಮೇಲೆ ಹೇರಿದ ಮಾಲು ಇವುಗಳ ನಡುವೆ ಯಾರಿಗೂ ಚೌಕಾಶಿಯ ಬಲವಿರುವುದಿಲ್ಲ. ಬಸ್ ಮತ್ತು ಸರಕು ವಾಹನಗಳ ಮಾಲೀಕರು ಎಲ್ಲಿಗೆ ಹೋಗುತ್ತಾರೆಂದು ಮೊದಲೇ ವಿಚಾರಿಸಬೇಕು. ವಾಹನ ಒಂದು ದಿನ ನಿಂತರೆ ಎಷ್ಟು ನಷ್ಟವೆಂದು ಬಲ್ಲವರು ಅವರು. ಬಳಿಕ ಎಣ್ಣೆ ಬದಲಾವಣೆ, ಬ್ರೇಕ್ ಹೊಂದಾಣಿಕೆಯಂತಹ ಸಣ್ಣ ಕೆಲಸ ಕೊಟ್ಟು ನೋಡಬೇಕು. ಹೇಳಿದ ದಿನ ಕೊಟ್ಟನೇ, ಹೇಳಿದ ಮೊತ್ತ ಮೀರುವ ಮೊದಲು ಕೇಳಿದನೇ, ಹಳೆಯ ಭಾಗ ತೋರಿಸಿದನೇ ಎಂಬುದು ಅಲ್ಲಿಯೇ ತಿಳಿಯುತ್ತದೆ. ಅವನ ಬಾಕಿಯನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳುವ ಮಾಲೀಕ, ತನ್ನ ವಾಹನ ನಡುರಾತ್ರಿ ನಿಂತಾಗ ಆತ ಓಡಿ ಬರಬೇಕೆಂದು ಬಯಸುವುದು ಹೇಗೆ? ಮೆಕ್ಯಾನಿಕನೂ ಮಾಲೀಕರನ್ನು ಪರೀಕ್ಷಿಸುತ್ತಾನೆ.

ಅಳದಂಗಡಿಯ ವಾಹನ ನಾಲ್ಕನೆಯ ದಿನ ಮಂಗಳೂರಿಗೆ ಹೊರಟಿತು. ಮೆಕ್ಯಾನಿಕ್ ಹಳೆಯ ಪ್ಲೇಟು, ಬೇರಿಂಗು, ಸೀಲುಗಳನ್ನು ಗೋಣಿಯಲ್ಲಿ ಕಟ್ಟಿ ಕೊಟ್ಟಿದ್ದ. ಕಿಲೋಮೀಟರಿನ ಅಂಕಿ ಅಂಗಡಿಯ ಪುಸ್ತಕಕ್ಕೆ ಸೇರಿತು; ಸವೆದ ಪ್ಲೇಟು ಗಾಳಿಗೆ ಹಾರುವ ರಸೀದಿ ಕಟ್ಟುಗಳ ಮೇಲೆ ಭಾರವಾಗಿ ಕುಳಿತಿತು. ಈಗ ಚಾಲಕ ವಾಸನೆಯ ಮಾತೆತ್ತಿದರೆ ಧಣಿ ಲೋಡಿನ ಲೆಕ್ಕ ಹೇಳುವುದಿಲ್ಲ.